ಅನುಭವ ಕೊಡಬೇಕಾದವರು ಯಾರು?

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. 2006ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿದಾಗ ಲೇತ್ ಗೊತ್ತಿತ್ತು, ಬಾಯ್ಲರ್ ಗೊತ್ತಿತ್ತು. ಡೇಟಾಬೇಸ್ ಎಂದರೇನೆಂದು ಗೊತ್ತಿರಲಿಲ್ಲ. ಕ್ಯಾಂಪಸ್ಸಿಗೆ ಬಂದಿದ್ದವರು ಗಣಿತದ ಒಂದಿಷ್ಟು ಒಗಟು ಕೊಟ್ಟರು, ಆಮೇಲೆ ಊರು, ಮನೆ, ಹವ್ಯಾಸ ವಿಚಾರಿಸಿದರು, ಅಷ್ಟೆ. ನನ್ನ ಬ್ಯಾಚಿನಲ್ಲಿ ಸಿವಿಲ್‌ನವರಿದ್ದರು, ಕೆಮಿಕಲ್‌ನವರೂ ಇದ್ದರು. ಮೂರೂವರೆ ತಿಂಗಳು ಸಂಬಳ ಕೊಟ್ಟು ಜಾವಾ ಕಲಿಸಿದರು. ತರಬೇತಿ ಮುಗಿದ ಮೇಲೆ ಪ್ರಾಜೆಕ್ಟ್ ಸಿಗದೆ ಇನ್ನೆರಡು ತಿಂಗಳು ಬೆಂಚಿನಲ್ಲಿದ್ದೆ. ಸುಮಾರು ಅರ್ಧ ವರ್ಷ ನನ್ನಿಂದ ಕಂಪನಿಗೆ ಒಂದು ರೂಪಾಯಿಯೂ ಹುಟ್ಟಲಿಲ್ಲ.

ಇದನ್ನು ಈಗ ನೆನೆಯಲು ಕಾರಣ ನನ್ನ ಅಕ್ಕನ ಮಗಳು. 2023ರಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದ್ದಾಳೆ. ಆ ವಯಸ್ಸಿನಲ್ಲಿ ನನಗೆ ತಿಳಿದಿದ್ದಕ್ಕಿಂತ ಅವಳಿಗೆ ತಿಳಿದಿರುವುದು ಎಷ್ಟೋ ಹೆಚ್ಚು. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದುಕೊಂಡು ಕೋರ್ಸ್ ಮಾಡಿದಳು, ದುಡ್ಡಿಲ್ಲದ ಇಂಟರ್ನ್‌ಷಿಪ್ಪನ್ನೂ ಮುಗಿಸಿದಳು. ಆದರೂ ಕೆಲಸ ಸಿಗಲಿಲ್ಲ, ಹೋದಲ್ಲೆಲ್ಲ ಅನುಭವ ಕೇಳುತ್ತಿದ್ದರು. ಒಂದು ರಾತ್ರಿ ಫೋನ್ ಮಾಡಿ, "ಮಾಮ, ಒಂದು ಕನ್ಸಲ್ಟೆನ್ಸಿಯವರು ಎರಡು ವರ್ಷದ ಅನುಭವ ಇದೆ ಅಂತ ಕಾಗದ ಮಾಡಿಕೊಡ್ತಾರಂತೆ. ನಮ್ಮ ಪಿಜಿಯಲ್ಲೇ ಇಬ್ಬರು ಮಾಡಿಸಿದ್ದಾರೆ. ನಾನೂ ಮಾಡಿಸಲಾ?" ಎಂದು ಕೇಳಿದಳು. ಬೇಡ ಎಂದೆ. ಹಾಗೆನ್ನುವುದು ನನಗೆ ಸುಲಭವಿತ್ತು. ನನ್ನ ಮೊದಲ ಅನುಭವಕ್ಕೆ ದುಡ್ಡು ಹಾಕಿದವರು ಬೇರೆಯವರು.

"ಈಗಿನ ಹುಡುಗರಿಗೆ ಸ್ಕಿಲ್ ಇಲ್ಲ" ಎಂಬ ಮಾತು ನನ್ನ ವಯಸ್ಸಿನವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕಾಲೇಜುಗಳ ಪಾಠ ಹಳತಾಗಿರುವುದು ನಿಜ, ಲ್ಯಾಬ್ ರೆಕಾರ್ಡನ್ನು ನಕಲು ಮಾಡಿ ಪಾಸಾಗುವವರಿರುವುದೂ ನಿಜ. ಆದರೆ ಇವೆಲ್ಲ 2006ರಲ್ಲೂ ಇದ್ದವು. ಆಗಲೂ ನಮಗೆ ಸ್ಕಿಲ್ ಇರಲಿಲ್ಲ. ಅದನ್ನು ಕೇಳುವ ಗೋಜಿಗೇ ಯಾರೂ ಹೋಗಲಿಲ್ಲ. ಅಂದಿನಿಂದ ಇಂದಿಗೆ ಹುಡುಗರಿಗಿಂತ ಹೆಚ್ಚಾಗಿ ಬದಲಾಗಿರುವುದು ಕಂಪನಿಗಳ ಲೆಕ್ಕಾಚಾರ.

ನಮ್ಮ ಐಟಿ ಸೇವಾ ಕಂಪನಿಗಳು ಬೆಳೆದದ್ದು ತಲೆ ಎಣಿಸಿ. ವಿದೇಶದ ಗ್ರಾಹಕನಿಗೆ ಇಷ್ಟು ಜನ, ಇಷ್ಟು ಗಂಟೆ ಎಂದು ಬಿಲ್ ಕಳಿಸಬೇಕು. ಕೆಳಗೆ ಕಡಿಮೆ ಸಂಬಳದ ಹೊಸಬರು ಹೆಚ್ಚಿದ್ದಷ್ಟೂ ಲಾಭ ಹೆಚ್ಚು. ಹಾಗಾಗಿ ಸಾವಿರಗಟ್ಟಲೆ ಜನರನ್ನು ಮೊದಲೇ ತಂದು, ಕಲಿಸಿ, ಬೆಂಚಿನಲ್ಲಿ ಕೂರಿಸಿಕೊಳ್ಳುವುದು ಅವರಿಗೆ ವ್ಯಾಪಾರವೇ ಆಗಿತ್ತು, ಧರ್ಮವೇನೂ ಆಗಿರಲಿಲ್ಲ. ಕೋವಿಡ್ ನಂತರದ ಬೇಡಿಕೆಯಲ್ಲಿ ಇದು ತುತ್ತತುದಿಗೇರಿತು. 2021–22ರಲ್ಲಿ ಇನ್ಫೋಸಿಸ್ ಒಂದೇ 85,000 ಹೊಸಬರನ್ನು ಸೇರಿಸಿಕೊಂಡಿತು. ಎರಡೇ ವರ್ಷಕ್ಕೆ ಆ ಸಂಖ್ಯೆ 12,000ದ ಒಳಗೆ ಇಳಿಯಿತು. 2023–24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರೂ ಸೇರಿ ಒಟ್ಟು ಸಿಬ್ಬಂದಿ ಸುಮಾರು 64,000ದಷ್ಟು ಕಡಿಮೆಯಾಯಿತು. ಅಮೆರಿಕ, ಯುರೋಪಿನ ಗ್ರಾಹಕರು ಕೈ ಬಿಗಿಮಾಡಿದ್ದರು. ಬೇಕಾದಾಗ ಕೊಳ್ಳಲು ಅನುಭವಿಗಳು ಮಾರುಕಟ್ಟೆಯಲ್ಲೇ ಸಿಗುತ್ತಿದ್ದರು. ಬೆಂಚು ಖಾಲಿಯಾಯಿತು. ಅಕ್ಕನ ಮಗಳು ಓದು ಮುಗಿಸಿದ್ದು ಸರಿಯಾಗಿ ಆಗ. ಅವಳು ಎರಡು ವರ್ಷ ಮೊದಲು ಹುಟ್ಟಿದ್ದರೆ ಇದೇ ಅಂಕಪಟ್ಟಿಗೆ ಎರಡು ಆಫರ್ ಲೆಟರ್ ಬರುತ್ತಿದ್ದವು.

ಬೆಂಚಿನ ಖರ್ಚು ಮಾತ್ರ ಮಾಯವಾಗಲಿಲ್ಲ. ಹೊಸಬ ಕೆಲಸಗಾರನಾಗಲು ಬೇಕಾದ ಆ ಆರು ತಿಂಗಳು, ಒಂದು ವರ್ಷ ಈಗಲೂ ಬೇಕೇ ಬೇಕು. ಅದನ್ನು ಈಗ ಅಪ್ಪ ಅಮ್ಮ ಕಟ್ಟುತ್ತಿದ್ದಾರೆ: ಪಿಜಿ ಬಾಡಿಗೆಯಾಗಿ, ಮಾರತ್ತಹಳ್ಳಿಯ ಕೋರ್ಸಿನ ಫೀಸಾಗಿ, ಕೆಲವೊಮ್ಮೆ ಅಡಿಕೆ ತೋಟದ ಮೇಲಿನ ಸಾಲವಾಗಿ. ಬೆಂಗಳೂರಲ್ಲೇ ಮನೆಯಿರುವವರ ಮಕ್ಕಳು ಎರಡು ವರ್ಷ ಕಾಯಬಲ್ಲರು. ಸಿಂಧನೂರಿನಿಂದ ಬಂದವನಿಗೆ ಆರನೇ ತಿಂಗಳಿಗೇ ಊರಿನ ಬಸ್ಸು ಕಾಣತೊಡಗುತ್ತದೆ. ಯಾರು ಎಂಜಿನಿಯರ್ ಆಗಿ ಉಳಿಯುತ್ತಾರೆ ಎನ್ನುವುದನ್ನು ಜಾಣತನಕ್ಕಿಂತ ಮೊದಲು ಕಾಯುವ ತಾಕತ್ತು ತೀರ್ಮಾನಿಸುತ್ತಿದೆ. ಇದು ನನ್ನನ್ನು ನೋಯಿಸುತ್ತದೆ. ನನ್ನ ಬ್ಯಾಚಿನ ಅರ್ಧಕ್ಕರ್ಧ ಜನ ಇಂಥ ಜರಡಿಯಲ್ಲಿ ಉದುರಿಹೋಗುತ್ತಿದ್ದರು, ಬಹುಶಃ ನಾನೂ.

ಕಂಪನಿಗಳ ಕಡೆಯ ವಾದವೂ ಗಟ್ಟಿಯಾಗಿಯೇ ಇದೆ. ಕಲಿಸಿದ ಮೇಲೆ ಹುಡುಗ ಇನ್ನೊಂದು ಕಡೆ ಹೆಚ್ಚು ಸಂಬಳಕ್ಕೆ ಹೋದರೆ ಕಲಿಸಿದವನಿಗೇನು ಬಂತು? ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರ 'ಹ್ಯೂಮನ್ ಕ್ಯಾಪಿಟಲ್' ಗ್ರಂಥದಲ್ಲಿ ಇದನ್ನೇ ವಿವರಿಸಿದ್ದ: ಎಲ್ಲ ಕಡೆಯೂ ಬೆಲೆಯಿರುವ ವಿದ್ಯೆಯ ಖರ್ಚನ್ನು ಮಾಲೀಕ ಹೊರುವುದಿಲ್ಲ, ಕಲಿಯುವವನೇ ಹೊರಬೇಕಾಗುತ್ತದೆ. ಒಂದೊಂದೇ ಕಂಪನಿಯಾಗಿ ನೋಡಿದರೆ ತಪ್ಪು ಕಾಣುವುದಿಲ್ಲ. ಎಲ್ಲರೂ ಹಾಗೆಯೇ ಮಾಡಿದಾಗ ಕೆರೆಯ ಕಥೆಯಾಗುತ್ತದೆ. ನೀರೆತ್ತಲು ಊರೆಲ್ಲ ಬರುತ್ತದೆ, ಹೂಳೆತ್ತಲು ಯಾರೂ ಬರುವುದಿಲ್ಲ.

ಈಗ ಎಐ ಬಂದಿದೆ. ಚಿಕ್ಕ ಬಗ್ ಸರಿಪಡಿಸುವುದು, ಟೆಸ್ಟ್ ಕೇಸ್ ಬರೆಯುವುದು, ಹಳೆಯ ಕೋಡ್ ಓದಿ ಟಿಪ್ಪಣಿ ಹಾಕುವುದು, ಹೊಸಬರ ಪಾಲಿನ ಇಂಥ ಕೆಲಸಗಳನ್ನೇ ಅದು ಮೊದಲು ಎತ್ತಿಕೊಂಡಿದೆ. ಆದರೆ ಆ ಕೆಲಸಗಳ ಬೆಲೆ ಆ ಕೆಲಸಗಳಲ್ಲಷ್ಟೇ ಇರಲಿಲ್ಲ. ಮೊದಲ ವರ್ಷ ನಾನು ಬರೆದ ಒಂದು ತಪ್ಪು ಕ್ವೆರಿಯಿಂದ ಗ್ರಾಹಕರ ವರದಿಯೊಂದು ಇಡೀ ದಿನ ನಿಂತುಹೋಗಿತ್ತು. ಪಕ್ಕದಲ್ಲಿ ಕೂತು ರಾತ್ರಿ ಹನ್ನೊಂದರವರೆಗೆ ಅದನ್ನು ಬಿಡಿಸಿ ತೋರಿಸಿದ ಸೀನಿಯರ್‌ನ ತಾಳ್ಮೆಯೇ ನನ್ನ ವಿದ್ಯೆ. ಇವತ್ತು ಯಂತ್ರ ಬರೆದ ಕೋಡಿನಲ್ಲಿ ಎಲ್ಲಿ ಮೋಸವಿದೆ ಎಂದು ನನ್ನ ಕಣ್ಣಿಗೆ ಬೀಳುವುದು ಆ ರಾತ್ರಿಯಿಂದಾಗಿ. ಹತ್ತು ವರ್ಷದ ನಂತರ ಅಂಥ ಕೋಡನ್ನು ಪರೀಕ್ಷಿಸುವ ಕಣ್ಣು ಬೇಕೆಂದರೆ ಇಂದು ಯಾರಿಗಾದರೂ ತಪ್ಪು ಮಾಡುವ ಅವಕಾಶ ಕೊಡಲೇಬೇಕು.

ಹಾಗಾಗಿ ಮೊದಲ ಕೆಲಸವನ್ನು ಮಾರುಕಟ್ಟೆಯ ಮರ್ಜಿಗಷ್ಟೇ ಬಿಡಬಾರದು ಎಂದು ನನಗನ್ನಿಸುತ್ತದೆ. ಕಾನೂನು ಹೊಸದಾಗಿ ಹುಟ್ಟಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು; ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಕೊಡುವ ಏರ್ಪಾಡೂ ಇದೆ. ಎಲ್ಲ ಕಂಪನಿಗೂ ಒಂದೇ ಹೊರೆಯಾದರೆ, ಕಲಿಸಿದವನು ಮಾತ್ರ ಸೋಲುವ ಭಯ ಕಡಿಮೆಯಾಗುತ್ತದೆ. ಅಪ್ರೆಂಟಿಸ್ ಆಗಿ ದುಡಿದ ಅವಧಿಯನ್ನು ಅಸಲಿ ಅನುಭವವೆಂದು ಎಲ್ಲ ಕಂಪನಿಗಳೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ರಾಜ್ಯದ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಎರಡು ವರ್ಷದವರೆಗೆ. ಅದು ಬೇಕು, ಹಸಿದವರಿಗೆ ಮೂರು ಸಾವಿರವೂ ದೊಡ್ಡದೇ. ಆದರೆ ಬಿಟಿಎಂನ ಪಿಜಿ ಬಾಡಿಗೆಗೂ ಅದು ಸಾಲದು. ಅದೇ ದುಡ್ಡು ಒಂದು ಕುರ್ಚಿಗೆ, ಒಂದು ಕಂಪ್ಯೂಟರಿಗೆ, ಪಕ್ಕದಲ್ಲಿ ಕೂರುವ ಒಬ್ಬ ಸೀನಿಯರ್‌ಗೆ ಜೋಡಣೆಯಾದರೆ ಎಷ್ಟು ದೂರ ಹೋಗುತ್ತಿತ್ತು!

ಅಕ್ಕನ ಮಗಳು ಸುಳ್ಳು ಕಾಗದ ಮಾಡಿಸಲಿಲ್ಲ. ಮೊನ್ನೆ ಇನ್ನೊಂದು ಡ್ರೈವ್‌ಗೆ ಅರ್ಜಿ ಹಾಕಲು ಕೂತಿದ್ದಳು. ಹೆಸರು, ಅಂಕ, ಪ್ರಾಜೆಕ್ಟ್ ಎಲ್ಲ ತುಂಬಿಸಿ ಪಾಸಾದ ವರ್ಷದ ಹತ್ತಿರ ಬಂದಳು. ಅಲ್ಲಿ ಆರಿಸಿಕೊಳ್ಳಲು ಎರಡೇ ವರ್ಷ ಇದ್ದವಂತೆ, 2024 ಮತ್ತು 2025.