ಹಡಗಿನ ಊಟಕ್ಕೆ ಏನುಡಲಿ?

ಸಿಂಗಪುರದಿಂದ ಹೊರಡೋ ಕ್ರೂಸ್‌ನ ಮೇಲ್‌ನಲ್ಲಿ 'ಫಾರ್ಮಲ್ ನೈಟ್' ಅಂತ ಇದ್ದಿದ್ದೇ ತಡ, ಅಮ್ಮ 'ನಾನು ರೂಮಲ್ಲೇ ಊಟ ಮಾಡ್ತೀನಿ ಬಿಡು' ಅಂದ್ರು. ನಾನೋ, ಅವರಿಗೊಂದು ಗೌನ್ ಹುಡುಕ್ತಾ ಕೂತೆ. ಈಗ ನೆನೆಸಿಕೊಂಡ್ರೆ ನಾಚಿಕೆ.

ಶಿಸ್ತಿಗೆ ಹೆಸರಾದ ಕ್ಯುನಾರ್ಡ್ ಹಡಗುಗಳಲ್ಲೂ ಗಾಲಾ ರಾತ್ರಿಗೆ ಅವರವರ ದೇಶದ ಸಾಂಪ್ರದಾಯಿಕ ಉಡುಪು ನಡೆಯುತ್ತೆ. ಅಂದ್ರೆ ಸೀರೆ, ಬಂದ್‌ಗಲಾ ಎರಡೂ ಓಕೆ. ಉಳಿದ ರಾತ್ರಿಗಳಿಗೆ ಕಾಲರ್ ಶರ್ಟ್, ಪ್ಯಾಂಟ್, ಕುರ್ತಾ ಸಾಕು. ಅದೂ ಬೇಜಾರಾದ್ರೆ ಬಫೆ ಇದ್ದೇ ಇದೆ.

ನಿಜವಾದ ತಲೆನೋವು ಇಸ್ತ್ರಿಪೆಟ್ಟಿಗೆ. ಬೆಂಕಿಯ ಭಯಕ್ಕೆ ಬಹುತೇಕ ಹಡಗುಗಳಲ್ಲಿ ಅದನ್ನ ತರೋಕೇ ಬಿಡಲ್ಲ. ಗಂಜಿ ಹಾಕಿದ ಕಾಟನ್ ಸೀರೆ ಮನೆಯಲ್ಲೇ ಇರಲಿ. ಮೈಸೂರು ಸಿಲ್ಕ್ ಕ್ರೇಪ್ ಆದ್ರೆ ಸುಕ್ಕಾಗೋದು ಕಮ್ಮಿ. ಮೊದಲ ದಿನ ಸೂಟ್‌ಕೇಸ್ ಕ್ಯಾಬಿನ್‌ಗೆ ತಡವಾಗಿ ಬರಬಹುದು, ಆ ರಾತ್ರಿಯ ಬಟ್ಟೆ ಕೈಚೀಲದಲ್ಲೇ ಇಟ್ಕೊಳ್ಳಿ. ಎ.ಸಿ. ಚಳಿಗೊಂದು ಶಾಲು.

ಆ ಸಂಜೆ ನಾನಿನ್ನೂ ಕನ್ನಡಿ ಮುಂದೆ ಹೊಸ ಡ್ರೆಸ್‌ನ ಜಿಪ್ ಜೊತೆ ಗುದ್ದಾಡ್ತಿದ್ದೆ. ಅಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟು ಆಗಲೇ ಬಾಗಿಲಲ್ಲಿ ನಿಂತಿದ್ರು. 'ಬೇಗ ಬಾರೇ, ಊಟ ತಣ್ಣಗಾಗುತ್ತೆ!'