ಬಡಾವಣೆಯ ಉದ್ಯಾನದಲ್ಲಿ ಸಾಮೂಹಿಕ ಕೈತೋಟ

ರೈತ ಬಾಂಧವರೇ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಮನೆ ಮಾಡಿರುವವರು ನಿಮ್ಮಲ್ಲಿ ಹಲವರಿದ್ದೀರಿ. ಹೊಲದಲ್ಲಿ ಬೆಳೆಯುವವರೇ ಅಲ್ಲಿ ಕೊತ್ತಂಬರಿ ಕಟ್ಟಿಗೂ ಸಂತೆಗೆ ಹೋಗಬೇಕಾಗಿದೆ. ಬಡಾವಣೆಯ ಉದ್ಯಾನದ ಒಂದು ಮೂಲೆಯನ್ನು ಸ್ಥಳೀಯ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆದು ಸಾಮೂಹಿಕ ಕೈತೋಟವನ್ನಾಗಿ ಮಾಡುವುದು ಲೇಸು.

ಇದಕ್ಕೆ ಅಡ್ಡಿ ಜಾಗದ್ದಲ್ಲ, ನೀರಿನದು. ಸಿಂಧನೂರು ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಬೇಸಿಗೆಯಲ್ಲಿ ನಿಂತ ಮೇಲೆ ಕುಡಿಯುವ ನೀರನ್ನು ತೋಟಕ್ಕೆ ಹಾಯಿಸುವುದು ಸರಿಯಲ್ಲ. ಆದ್ದರಿಂದ ಮೆಂತ್ಯ, ಪಾಲಕ, ಹೀರೆ, ಚವಳಿಗಳನ್ನು ಜೂನ್‌ನಿಂದ ಫೆಬ್ರವರಿಯೊಳಗೆ ಬೆಳೆದು ಮುಗಿಸಿರಿ. ಬೇಸಿಗೆಗೆ ನುಗ್ಗೆ, ಕರಿಬೇವು ಸಾಕು. ಎರೆಮಣ್ಣಿನಲ್ಲಿ ಮಳೆನೀರು ನಿಲ್ಲದಂತೆ ಏರುಮಡಿಗಳನ್ನು ಮಾಡಿರಿ.

ಎಲ್ಲರ ತೋಟ ಯಾರದೂ ಅಲ್ಲದಂತಾಗಬಾರದು. ಮನೆಗೊಂದು ಮಡಿ ಹಂಚಿ, ನೀರುಣಿಸುವ ಪಾಳಿಯನ್ನು ಮೊದಲೇ ಗೊತ್ತುಮಾಡಿರಿ. ಕಾಲುವೆಯ ಕೊನೆಯ ಹೊಲದವನಿಗೆ ಪಾಳಿಯ ಬೆಲೆ ತಿಳಿದಿದೆ. ಅದನ್ನು ಪಟ್ಟಣಕ್ಕೆ ಕಲಿಸಬೇಕಾದವರು ನೀವೇ.