ಬಾಣ ತಿದ್ದಿದರೆ ಸಾಲದು, ಬಣ್ಣದ ಡಬ್ಬಿ ಸಿಗಬೇಕು

ಸಾವನದುರ್ಗದ ಕರಿಗುಡ್ಡ ಹತ್ತಿದವರಿಗೆಲ್ಲ ಒಂದು ವಿಷಯ ಗೊತ್ತು. ಅಲ್ಲಿ ಕಾಲುದಾರಿ ಎಂಬುದು ಬಹುಪಾಲು ಇಲ್ಲ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರಕ್ಕೆ ತಲೆಯೆತ್ತಿದ ಏಕಶಿಲೆ ಅದು. ಮಣ್ಣಿದ್ದರೆ ತಾನೆ ಹೆಜ್ಜೆ ಮೂಡುವುದು? ಬೋಳು ಬಂಡೆಯ ಮೇಲೆ ಅಲ್ಲಲ್ಲಿ ಬಳಿದ ಬಾಣದ ಗುರುತುಗಳೇ ಹೊಸಬರಿಗೆ ಆಧಾರ. ಯಾರೋ ಕಿಡಿಗೇಡಿ ರಾತ್ರೋರಾತ್ರಿ ಅವನ್ನು ಅಳಿಸಿ, ಬಾಣಗಳನ್ನೆಲ್ಲ ತನ್ನ ಅಂಗಡಿಯತ್ತ ತಿರುಗಿಸಿ ಬರೆದನೆಂದು ಇಟ್ಟುಕೊಳ್ಳಿ. ಬಂಡೆಗೆ ಏನೂ ಆಗಿಲ್ಲ, ಹತ್ತುವವನ ಕಾಲಿಗೂ ಏನೂ ಆಗಿಲ್ಲ. ದಾರಿ ಮಾತ್ರ ತಪ್ಪಿದೆ.

ಕಂಪ್ಯೂಟರಿನಲ್ಲಿ ಇದೇ ಕಿತಾಪತಿ ಮಾಡುವ ತಂತ್ರಾಂಶಗಳಿವೆ. ಅವಕ್ಕೆ ‘ಬ್ರೌಸರ್ ಹೈಜಾಕರ್’ ಎಂದು ಹೆಸರು. ಅಂತರ್ಜಾಲಕ್ಕೆ ಹೋಗಲು ಬಳಸುವ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳ ಮುಖಪುಟವನ್ನೂ ಹುಡುಕುವ ವ್ಯವಸ್ಥೆಯನ್ನೂ ಇವು ಹೇಳದೆ ಕೇಳದೆ ಬದಲಿಸುತ್ತವೆ. ಕಡತಗಳನ್ನು ತಿನ್ನುವ ವೈರಸ್‌ನಂತೆ ಗದ್ದಲ ಮಾಡುವುದಿಲ್ಲ. ಕಂಪ್ಯೂಟರ್ ಎಂದಿನಂತೆಯೇ ಓಡುತ್ತದೆ. ಹಾಗಾಗಿ ‘ಏನೋ ಹೊಸ ಪುಟ ಬರುತ್ತಿದೆ, ಬರಲಿ ಬಿಡಿ’ ಎಂದು ಸುಮ್ಮನಾಗುವವರೇ ಹೆಚ್ಚು.

ಸುಮ್ಮನಾದರೆ ಏನಾದೀತು? ಮಾಗಡಿ ಪೇಟೆಯಲ್ಲಿ ಒಂದು ಡಿಟಿಪಿ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ದುರ್ಗದ ತಪ್ಪಲಿನ ಹಳ್ಳಿಗಳವರು ಪಹಣಿಗೆ, ಪರೀಕ್ಷೆಯ ಫಲಿತಾಂಶಕ್ಕೆ, ವಿದ್ಯಾರ್ಥಿವೇತನದ ಅರ್ಜಿಗೆ ಅಲ್ಲಿಗೇ ಬರುತ್ತಾರೆ. ಅಂಗಡಿಯ ಹುಡುಗ ‘ವಿದ್ಯಾರ್ಥಿವೇತನ’ ಎಂದು ಹುಡುಕಿದಾಗ ಸರ್ಕಾರಿ ತಾಣದ ಬದಲು, ಅದನ್ನೇ ಹೋಲುವ ಜಾಹೀರಾತು ತಾಣ ಮೇಲೆ ಬಂದು ಕೂತಿತೆನ್ನಿ. ಅವನು ಆಧಾರ್ ಸಂಖ್ಯೆ ತುಂಬುತ್ತಾನೆ, ಬ್ಯಾಂಕ್ ಖಾತೆ ತುಂಬುತ್ತಾನೆ, ‘ಶುಲ್ಕ’ವನ್ನೂ ಕಟ್ಟುತ್ತಾನೆ. ಎದುರಿಗೆ ಕೂತ ತಂದೆಗೂ ಮಗಳಿಗೂ ಅರ್ಜಿ ಹೋಯಿತೆಂಬ ಸಮಾಧಾನ. ಕೊನೆಯ ದಿನಾಂಕ ಕಳೆದ ಮೇಲೆಯೇ ನಿಜ ತಿಳಿಯುವುದು. ಕೆಟ್ಟದ್ದು ಒಂದು ಕಂಪ್ಯೂಟರ್, ದಾರಿ ತಪ್ಪಿದ್ದು ಅದರ ಮುಂದೆ ಸರದಿಯಲ್ಲಿ ನಿಂತ ಅಷ್ಟೂ ಜನ.

ಇದು ಒಳಗೆ ಬರುವುದು ಕಳ್ಳನಂತಲ್ಲ, ಅತಿಥಿಯ ಜೊತೆ ಬಂದ ನೆಂಟನಂತೆ. ಕನ್ನಡ ಟೈಪಿಂಗ್‌ಗೆ ‘ನುಡಿ’ ಬೇಕು, ಪಿಡಿಎಫ್ ಜೋಡಿಸುವ ಸಾಧನ ಬೇಕು, ಹಾಡು ಇಳಿಸಿಕೊಳ್ಳುವ ಸಾಧನ ಬೇಕು ಎಂದು ಹುಡುಕುತ್ತೇವೆ. ಮೂಲ ತಾಣವನ್ನು ಬಿಟ್ಟು ಯಾರದೋ ತಾಣದಿಂದ ಇಳಿಸಿಕೊಂಡರೆ, ಬೇಕಾದ ತಂತ್ರಾಂಶದ ಜೊತೆ ಬೇಡವಾದದ್ದೂ ಒಂದೇ ಪೊಟ್ಟಣದಲ್ಲಿ ಬರಬಹುದು. ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋಗುವವರ ಕಣ್ಣಿಗೆ, ಮೂಲೆಯ ಚಿಕ್ಕ ಚೌಕದಲ್ಲಿ ಮೊದಲೇ ಬಿದ್ದಿರುವ ಸರಿ ಗುರುತು ಕಾಣುವುದೇ ಇಲ್ಲ. ಒಪ್ಪಿಗೆ ಕೊಟ್ಟವರು ನಾವೇ ಆಗಿಬಿಡುತ್ತೇವೆ.

ಇಷ್ಟಕ್ಕೂ ಇದರಿಂದ ಯಾರಿಗೆ ಲಾಭ? ಹುಡುಕಾಟದ ಪುಟದಲ್ಲಿ ಜಾಹೀರಾತು ಒತ್ತಿದಾಗಲೆಲ್ಲ ಜಾಹೀರಾತುದಾರ ಹಣ ಕೊಡುತ್ತಾನೆ. ಓದುಗರನ್ನು ಆ ಪುಟಕ್ಕೆ ಕರೆತಂದವನಿಗೂ ಅದರಲ್ಲಿ ಪಾಲು. ಒಬ್ಬರಿಂದ ಸಿಗುವುದು ಪುಡಿಗಾಸು. ಲಕ್ಷಾಂತರ ಕಂಪ್ಯೂಟರುಗಳ ಬಾಣ ತಿರುಗಿಸಿದರೆ ಅದೇ ದೊಡ್ಡ ಗಂಟು. ಪೊಟ್ಟಣ ಕಟ್ಟಿದವನಿಗೂ ತಲೆಗಿಷ್ಟು ಎಂದು ದಲ್ಲಾಳಿ ಸಲ್ಲುತ್ತದೆ.

ಈ ವ್ಯಾಪಾರ ಹಳೆಯದು. 2003ರಲ್ಲಿ ‘ಕೂಲ್‌ವೆಬ್‌ಸರ್ಚ್’ ಎಂಬ ಉಪದ್ರವ ಲೋಕವನ್ನೆಲ್ಲ ಕಾಡಿದಾಗ, ಅದನ್ನು ಕೀಳಲೆಂದೇ ಒಂದು ಪುಟ್ಟ ಸಾಧನ ಬರೆದು ಉಚಿತವಾಗಿ ಹಂಚಿದವನು ಮೆರೈನ್ ಬೆಲ್ಲೆಕೊಮ್ ಎಂಬ ಡಚ್ ವಿದ್ಯಾರ್ಥಿ. ನಮ್ಮ ದೇಶಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದೆಂದು ವರದಿಯಾದದ್ದು ‘ಫೈರ್‌ಬಾಲ್’. ಬೀಜಿಂಗ್‌ನ ಜಾಹೀರಾತು ಕಂಪನಿ ರಫೋಟೆಕ್ ಇದನ್ನು ಉಚಿತ ತಂತ್ರಾಂಶಗಳ ಜೊತೆ ಹರಡಿತೆಂದು ಇಸ್ರೇಲಿನ ಚೆಕ್ ಪಾಯಿಂಟ್ ಸಂಸ್ಥೆ 2017ರ ಜೂನ್‌ನಲ್ಲಿ ಬಯಲು ಮಾಡಿತು. ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರುಗಳು, ಭಾರತದಲ್ಲೇ 2.53 ಕೋಟಿ ಎಂದು ಅದರ ಅಂದಾಜು. ದೇಶಗಳ ಪಟ್ಟಿಯಲ್ಲಿ ನಮ್ಮದೇ ಮೊದಲ ಸ್ಥಾನ. ಈ ಲೆಕ್ಕ ಅತಿಯಾಯಿತು ಎಂದು ಮೈಕ್ರೋಸಾಫ್ಟ್ ತಕರಾರು ತೆಗೆಯಿತೆನ್ನುವುದೂ ನಿಜ. ಸಂಖ್ಯೆಯ ಜಗಳ ಏನೇ ಇರಲಿ, ಮುಖಪುಟ ಬದಲಿಸಬಲ್ಲ ತಂತ್ರಾಂಶ ಬಯಸಿದರೆ ಇನ್ನಷ್ಟು ಕೆಟ್ಟದ್ದನ್ನೂ ಒಳಗೆ ಎಳೆದು ತರಬಲ್ಲದು ಎಂಬ ಎಚ್ಚರಿಕೆಯನ್ನು ಆ ವರದಿ ಕೊಟ್ಟಿತು.

ಈಗ ತೆಗೆಯುವ ಮಾತು. ಹೆಚ್ಚಿನವರು ಮೊದಲು ಮಾಡುವುದು ಮುಖಪುಟವನ್ನು ಮತ್ತೆ ಹಳೆಯದಕ್ಕೆ ಬದಲಿಸುವುದು. ಮರುದಿನ ನೋಡಿದರೆ ಅದೇ ಪೀಡೆ. ಬಾಣ ತಿದ್ದಿದ್ದೇವೆ, ಬಣ್ಣದ ಡಬ್ಬಿ ಹಿಡಿದವನು ಇನ್ನೂ ಬಂಡೆಯ ಹಿಂದೆಯೇ ಕೂತಿದ್ದಾನೆ. ಮೊದಲು ಅವನನ್ನು ಹುಡುಕಬೇಕು.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು, ಹಾಕಿದ ದಿನಾಂಕದ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನದ ಸುಮಾರಿಗೆ ಬಂದ ಅಪರಿಚಿತ ಹೆಸರುಗಳೇನಾದರೂ ಇದ್ದರೆ ಅದೇನೆಂದು ವಿಚಾರಿಸಿ, ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಬ್ರೌಸರಿನ ‘ಎಕ್ಸ್‌ಟೆನ್ಷನ್ಸ್’ ಪುಟಕ್ಕೆ ಹೋಗಿ, ನೀವು ಹಾಕದಿದ್ದದ್ದನ್ನು ತೆಗೆಯಿರಿ. ಮೂರನೆಯ ಅಡಗುತಾಣ ಪರದೆಯ ಮೇಲಿನ ಬ್ರೌಸರ್ ಚಿಹ್ನೆ. ಅದರ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ನಲ್ಲಿ ‘ಟಾರ್ಗೆಟ್’ ಎಂಬ ಸಾಲನ್ನು ನೋಡಿ. ಕೊನೆಯಲ್ಲಿ ಯಾವುದೋ ಜಾಲತಾಣದ ವಿಳಾಸ ಬಾಲದಂತೆ ಅಂಟಿದ್ದರೆ ಆ ಬಾಲವನ್ನು ಕತ್ತರಿಸಿ. ನಿಮ್ಮ ಮನೆಯ ಕಂಪ್ಯೂಟರ್ ‘ನಿಮ್ಮ ಸಂಸ್ಥೆಯ ನಿರ್ವಹಣೆಯಲ್ಲಿದೆ’ ಎಂದು ಬ್ರೌಸರ್ ಹೇಳುತ್ತಿದ್ದರೆ ಸಂಶಯಪಡಿ. ಅಲ್ಲಿ ಬಲ್ಲವರ ನೆರವು ಬೇಕು.

ಇಷ್ಟಾದ ಮೇಲೆ ವಿಂಡೋಸ್ ಸೆಕ್ಯುರಿಟಿಯಿಂದ ಪೂರ್ತಿ ತಪಾಸಣೆ ನಡೆಸಿ. ಕೊನೆಗೆ ಬ್ರೌಸರಿನ ‘ರೀಸೆಟ್ ಸೆಟ್ಟಿಂಗ್ಸ್’ ಒತ್ತಿ. ಕ್ರೋಮ್‌ನಲ್ಲಿ ಹೀಗೆ ಮಾಡಿದರೆ ನೀವು ಗುರುತು ಹಾಕಿಟ್ಟ ಪುಟಗಳೂ ಉಳಿಸಿದ ಪಾಸ್‌ವರ್ಡ್‌ಗಳೂ ಅಳಿಯುವುದಿಲ್ಲ, ಹೆದರಬೇಕಿಲ್ಲ. ಒಂದೇ ಖಾತೆಯನ್ನು ಎರಡು ಮೂರು ಕಂಪ್ಯೂಟರುಗಳಲ್ಲಿ ಬಳಸುವವರು ಮಾತ್ರ ಶುಚಿ ಮಾಡುವ ಮೊದಲು ‘ಸಿಂಕ್’ ನಿಲ್ಲಿಸಬೇಕು. ಇಲ್ಲವಾದರೆ ಇಲ್ಲಿ ಕಿತ್ತ ಕಳೆ ಅಲ್ಲಿಂದ ಮತ್ತೆ ಹಬ್ಬುತ್ತದೆ.

ಇನ್ನೊಂದು ಎಚ್ಚರ. ‘ಹೈಜಾಕರ್ ತೆಗೆಯುವ ಉಚಿತ ತಂತ್ರಾಂಶ’ ಎಂದು ಅದೇ ಕೆಟ್ಟ ಬ್ರೌಸರಿನಲ್ಲಿ ಹುಡುಕಬೇಡಿ. ರೋಗ ತಂದವನೇ ಔಷಧಿಯನ್ನೂ ಮಾರುವ ಸಂತೆ ಅದು. ಭಾರತ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಕಂಪ್ಯೂಟರ್ ಶುಚಿ ಮಾಡುವ ಸಾಧನಗಳು ಪುಕ್ಕಟೆಯಾಗಿ ಸಿಗುತ್ತವೆ. ಸರಿಯಿರುವ ಬೇರೊಂದು ಕಂಪ್ಯೂಟರಿನಿಂದ ಅವನ್ನು ಇಳಿಸಿಕೊಂಡು ತರಬಹುದು.

ಮುಂದೆ ಬಾರದಂತೆ ತಡೆಯುವುದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ತಂತ್ರಾಂಶವನ್ನು ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಿ. ಹಾಕುವಾಗ ‘ಕಸ್ಟಮ್’ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ, ಪ್ರತಿ ಪುಟವನ್ನೂ ಓದಿ. ಸರ್ಕಾರಿ ಕೆಲಸಕ್ಕೆ ಹೋದಾಗ ವಿಳಾಸದ ತುದಿಯಲ್ಲಿ ‘ಗವ್ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಇದೆಯೇ ಎಂದು ನೋಡಿಕೊಳ್ಳಿ. ಹಣ ಹೋದದ್ದೇ ಗೊತ್ತಾದರೆ ನಾಚಿಕೊಂಡು ಕೂರದೆ ಬ್ಯಾಂಕಿಗೂ 1930 ಸಂಖ್ಯೆಯ ಸಹಾಯವಾಣಿಗೂ ಆಗಲೇ ತಿಳಿಸಿ. ತಡ ಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಊರಿನವರೆಲ್ಲ ನಂಬಿ ಬರುವ ಅಂಗಡಿ, ಶಾಲೆ, ಗ್ರಂಥಾಲಯಗಳ ಕಂಪ್ಯೂಟರುಗಳನ್ನು ತಿಂಗಳಿಗೊಮ್ಮೆಯಾದರೂ ಹೀಗೆ ನೋಡುವುದು ಒಳ್ಳೆಯದು. ಅರ್ಧ ಗಂಟೆಯ ಕೆಲಸ. ಒಬ್ಬ ಹುಡುಗಿಯ ಒಂದು ವರ್ಷದ ವಿದ್ಯಾರ್ಥಿವೇತನ ಉಳಿದೀತು.